ಮಗುವನ್ನು ಸಾಗಿಸಿ ತಂದಿರಬಹುದೆಂಬ ಅನುಮಾನ ಬಂದಾಗ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಕಿ. ಹೋದ ತಿಂಗಳು ಹದಿನಾಲ್ಕೋ ಹದಿನೈದೋ ವಯಸ್ಸಿನಂತೆ ಕಾಣುವ ಹುಡುಗಿಯೊಬ್ಬಳನ್ನು ಕೈ ಸುಟ್ಟಿದೆ ಎಂದು ಒಬ್ಬ ಗಂಡಸು ಕರೆತಂದಿದ್ದರು. ತಾನು ಅವಳ ಸೋದರಮಾವ ಎಂದರು, ವಯಸ್ಸು ಹದಿನೆಂಟು ಎಂದು ಬರೆಸಿದರು, ಕೇಳಿದ್ದಕ್ಕೆಲ್ಲ ತಾವೇ ಉತ್ತರ ಕೊಟ್ಟರು. ಅವರ ಮಾತು ತೆಲುಗು; ಹುಡುಗಿಗೆ ಕನ್ನಡವೂ ಬರುತ್ತಿರಲಿಲ್ಲ, ತೆಲುಗೂ ಬರುತ್ತಿರಲಿಲ್ಲ. ಗಾಯ ಹಲವು ದಿನಗಳಷ್ಟು ಹಳೆಯದು. ಮತ್ತೆ ಡ್ರೆಸ್ಸಿಂಗ್‌ಗೆ ಬರಲೇ ಇಲ್ಲ. ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿರುವ ನನ್ನ ಪತಿಯ ತರಗತಿಯಿಂದಲೂ ಒಬ್ಬ ಹುಡುಗ ಕಾಣೆಯಾಗಿದ್ದಾನೆ. ಬೆಂಗಳೂರಿನಲ್ಲಿ ಓದಿಸುತ್ತಿದ್ದೇವೆ ಎಂದಷ್ಟೇ ಮನೆಯವರು ಹೇಳುತ್ತಾರೆ. ಮಕ್ಕಳ ಕಳ್ಳಸಾಗಣೆಯನ್ನು ನಮ್ಮಂಥವರು ಗುರುತಿಸುವುದು ಹೇಗೆ? ಅನುಮಾನ ಸುಳ್ಳಾದರೆ ನಮ್ಮ ಮೇಲೆಯೇ ಬರುವುದಿಲ್ಲವೇ? ತಿಳಿಸಿದ ಮೇಲೆ ಏನೂ ಆಗದಿದ್ದರೆ?

ಉತ್ತರ: ಆ ಹುಡುಗಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ತಿಂಗಳು ಕಳೆಯಿತು, ಈಗ ಹೇಳಿ ಏನು ಪ್ರಯೋಜನ ಎಂದು ದಯವಿಟ್ಟು ಎಣಿಸಬೇಡಿ. ನಿಮ್ಮ ಒಪಿಡಿ ರಿಜಿಸ್ಟರ್‌ನಲ್ಲಿ ಅವಳ ಹೆಸರು, ಬರೆಸಿದ ಊರು, ಬಂದ ದಿನಾಂಕ, ಪ್ರಾಯಶಃ ಒಂದು ಫೋನ್ ನಂಬರ್ ಇರುತ್ತವೆ. ಹೆಸರು, ಊರು ಸುಳ್ಳೇ ಆಗಿದ್ದರೂ ಆ ನಂಬರು, ಆ ದಿನಾಂಕ, ಆ ಗಾಯದ ವಿವರ ಹುಡುಕುವವರಿಗೆ ದಾರಿ ತೋರಿಸುತ್ತವೆ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ನೀವು ಕಂಡದ್ದನ್ನು ಕಂಡಷ್ಟೇ ಹೇಳಿ. ಅದನ್ನೇ ಒಂದು ಪುಟದಲ್ಲಿ ಬರೆದು, ವೈದ್ಯಾಧಿಕಾರಿಗಳ ಗಮನಕ್ಕೆ ತಂದು, ಕೋಲಾರದ ಮಕ್ಕಳ ಕಲ್ಯಾಣ ಸಮಿತಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕಳುಹಿಸಿ. ಆಶಾ ಕಾರ್ಯಕರ್ತೆಯನ್ನು ಕಳುಹಿಸಿ ಮೊದಲು ವಿಚಾರಿಸಿಕೊಂಡು ಬರೋಣ ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ, ಆದರೆ ಅದನ್ನು ಮಾಡಬೇಡಿ. ಯಾರೋ ವಿಚಾರಿಸುತ್ತಿದ್ದಾರೆ ಎಂಬ ಸುಳಿವು ಸಿಕ್ಕ ರಾತ್ರಿಯೇ ಮಗುವನ್ನು ಬೇರೆಡೆಗೆ ಸಾಗಿಸಿಬಿಡುತ್ತಾರೆ, ಆಮೇಲೆ ಹುಡುಕುವುದು ಇನ್ನೂ ಕಷ್ಟ.

ಆ ಹುಡುಗಿ ಸಾಗಣೆಗೆ ಸಿಕ್ಕವಳೇ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ, ನೀವೂ ಹೇಳಬೇಕಾಗಿಲ್ಲ. ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ: ಶುಶ್ರೂಷಕಿ, ಶಿಕ್ಷಕ, ಬಸ್ ನಿರ್ವಾಹಕ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಇವರಲ್ಲಿ ಯಾರೂ ಅಪರಾಧವನ್ನು ಸಾಬೀತು ಮಾಡಬೇಕೆಂದು ಕಾನೂನು ಕೇಳುವುದಿಲ್ಲ. ಸಕಾರಣವಾದ ಅನುಮಾನ ಬಂದಾಗ ಅದನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ, ಮಗುವಿಗೆ ಇನ್ನಷ್ಟು ಅಪಾಯವಾಗದ ಹಾಗೆ ತಲುಪಿಸುವುದಷ್ಟೇ ನಿಮ್ಮ ಕೆಲಸ. ಖಚಿತವಾಗಲಿ ಎಂದು ಕಾಯುತ್ತ ಕುಳಿತು ಎಷ್ಟೋ ಮಕ್ಕಳು ಆಸ್ಪತ್ರೆಯ ಬಾಗಿಲಿನಿಂದ, ಶಾಲೆಯ ಹಾಜರಿ ಪುಸ್ತಕದಿಂದ ಕಣ್ಮರೆಯಾಗಿದ್ದಾರೆ.

ಕಳ್ಳಸಾಗಣೆ ಎಂದ ಕೂಡಲೇ ಮಕ್ಕಳನ್ನು ಎತ್ತಿಕೊಂಡು ಓಡುವ ಕಳ್ಳರ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಹಾಗೆ ನಡೆಯುವುದುಂಟು, ಆದರೆ ಬಹುಪಾಲು ಮಕ್ಕಳು ಪರಿಚಯದವರ ಕೈ ಹಿಡಿದುಕೊಂಡೇ ಹೋಗುತ್ತಾರೆ: ಊರಿನ ಮೇಸ್ತ್ರಿ, ದೂರದ ಸಂಬಂಧಿ, ಅಕ್ಕ ಎಂದು ಕರೆಸಿಕೊಳ್ಳುವ ಹೆಂಗಸು, ಮದುವೆ ಮಾಡಿಸುವ ದಲ್ಲಾಳಿ, ಇತ್ತೀಚೆಗೆ ಮೊಬೈಲಿನಲ್ಲಿ ಪ್ರೀತಿಯ ಮಾತಾಡಿ ನಂಬಿಸಿದ ಹುಡುಗ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಹೇಳುವ ಪ್ರಕಾರ, ಶೋಷಣೆಯ ಉದ್ದೇಶದಿಂದ ಒಬ್ಬರನ್ನು ನೇಮಿಸಿಕೊಳ್ಳುವುದು, ಸಾಗಿಸುವುದು, ಅಡಗಿಸಿಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಒಪ್ಪಿಸುವುದು ಅಥವಾ ಹಾಗೆ ಒಪ್ಪಿಸಿದವರನ್ನು ಸ್ವೀಕರಿಸುವುದು ಬೆದರಿಕೆಯಿಂದಾಗಲಿ, ಬಲವಂತದಿಂದಾಗಲಿ, ಮೋಸದಿಂದಾಗಲಿ, ಅಧಿಕಾರದ ದುರುಪಯೋಗದಿಂದಾಗಲಿ, ಆ ವ್ಯಕ್ತಿಯ ಮೇಲೆ ಹಿಡಿತವಿರುವವರಿಗೆ ಹಣ ಅಥವಾ ಲಾಭದ ಆಮಿಷ ತೋರಿಸಿಯಾಗಲಿ ನಡೆದರೆ ಅದು ಕಳ್ಳಸಾಗಣೆ. ಆಮಿಷದ ಮಾತನ್ನು ಗಮನಿಸಿ. ತಂದೆಯ ಕೈಗೆ ಮುಂಗಡ ಕೊಟ್ಟು ಮಗುವನ್ನು ಕರೆದೊಯ್ದರೆ, ತಂದೆಯೇ ಒಪ್ಪಿದ್ದಾರಲ್ಲ ಎಂಬುದು ಸಮರ್ಥನೆಯಾಗುವುದಿಲ್ಲ. ಸಾಗಣೆಗೆ ಒಳಗಾದವರ ಒಪ್ಪಿಗೆಗೂ ಬೆಲೆಯಿಲ್ಲ ಎಂದು ಅದೇ ಕಲಮು ಹೇಳುತ್ತದೆ. ಒಂದು ಮಗುವನ್ನು ಸಾಗಿಸಿದರೆ ಕನಿಷ್ಠ 10 ವರ್ಷ, ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಸಾಗಿಸಿದರೆ ಕನಿಷ್ಠ 14 ವರ್ಷ ಕಠಿಣ ಶಿಕ್ಷೆಯಿದ್ದು, ಅದು ಜೀವಾವಧಿಯವರೆಗೂ ಹೋಗಬಹುದು. ಸಾಗಿಸಿ ತಂದ ಮಗು ಎಂದು ತಿಳಿದೂ ಲೈಂಗಿಕವಾಗಿ ಬಳಸಿಕೊಂಡವರಿಗೆ 144ನೇ ಕಲಮಿನಲ್ಲಿ ಪ್ರತ್ಯೇಕ ಶಿಕ್ಷೆಯಿದೆ. ಇಲ್ಲಿ ಮಗು ಎಂದರೆ ಹದಿನೆಂಟು ತುಂಬದವರೆಲ್ಲರೂ.

ವಯಸ್ಸಿನ ಬಗ್ಗೆ ನಮ್ಮ ಕಚೇರಿಗಳಲ್ಲಿ ಒಂದು ಅರ್ಧ ಸತ್ಯ ಓಡಾಡುತ್ತದೆ: ಹದಿನಾಲ್ಕು ದಾಟಿದ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳಬಹುದಲ್ಲ ಎಂದು. 1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿಯಾದ ನಂತರ ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ (ಶಾಲೆ ಮುಗಿದ ಮೇಲೆ ಮನೆಯವರ ಕಸುಬಿಗೆ ನೆರವಾಗುವಂಥ ಕೆಲವು ವಿನಾಯಿತಿಗಳಿವೆ), ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ ಎಂಬುದು ಸರಿ. ಆದರೆ ಹದಿನಾರರ ಹುಡುಗನನ್ನು ಮುಂಗಡದ ಸಾಲಕ್ಕೆ ಕಟ್ಟಿಹಾಕಿ, ಕೂಲಿ ಕೊಡದೆ, ಊರಿಗೆ ಹೋಗಲು ಬಿಡದೆ ಇಟ್ಟುಕೊಂಡರೆ ಅದು ಜೀತ. ಹಾಗೆ ದುಡಿಸಲೆಂದೇ ಕರೆತಂದಿದ್ದರೆ ಅದು ಕಳ್ಳಸಾಗಣೆಯೂ ಹೌದು. ಕೆಲಸ ಅಪಾಯಕಾರಿಯೇ ಅಲ್ಲವೇ ಎಂಬ ಚರ್ಚೆ ಅಲ್ಲಿ ಬೇಕಾಗುವುದೇ ಇಲ್ಲ.

ನಿಮ್ಮ ತಾಲ್ಲೂಕಿನ ಸ್ಥಿತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಾಲೂರು ಇಟ್ಟಿಗೆಗೂ ಹೆಂಚಿಗೂ ಹೆಸರಾದ ಊರು. ಇಟ್ಟಿಗೆ ಗೂಡುಗಳಲ್ಲಿ ಕೂಲಿಯನ್ನು ದಿನದ ಲೆಕ್ಕದಲ್ಲಿ ಕೊಡದೆ ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೊಡುವ ಪದ್ಧತಿಯಿದೆ. ಗಂಡ ಹೆಂಡತಿಯ ಹೆಸರಿನಲ್ಲಿ ಬೀಳುವ ಆ ಲೆಕ್ಕದೊಳಗೆ ಮಕ್ಕಳ ದುಡಿಮೆ ಕರಗಿಹೋಗುತ್ತದೆ. ಹಸಿ ಇಟ್ಟಿಗೆ ತಿರುವಿ ಹಾಕುವ, ಒಣಗಿದ್ದನ್ನು ಜೋಡಿಸುವ, ಹೊರುವ ಮಗು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಹೊರ ಊರುಗಳಿಂದ ಮುಂಗಡ ಪಡೆದು ಬಂದ ಕುಟುಂಬವು ಆ ಹಣ ತೀರುವ ತನಕ ಹೊರಡುವಂತಿಲ್ಲ, ಮತ್ತು ಲೆಕ್ಕ ಬರೆಯುವವರು ಮಾಲೀಕರೇ ಆದ್ದರಿಂದ ಅದು ತೀರುವುದೂ ಇಲ್ಲ. ಇದರ ಜೊತೆಗೆ ಬೆಂಗಳೂರು ನಮ್ಮ ಪಕ್ಕದಲ್ಲೇ ಇದೆ. ಮನೆಗೆಲಸಕ್ಕೆ, ಮಗು ನೋಡಿಕೊಳ್ಳುವುದಕ್ಕೆ, ಬೇಕರಿಗೆ, ಹೋಟೆಲಿಗೆ, ಮದುವೆ ಅಡುಗೆಯ ಕಂಟ್ರಾಕ್ಟರ್ ಹತ್ತಿರಕ್ಕೆ ಇಲ್ಲಿನ ಮಕ್ಕಳೂ ಹೋಗುತ್ತಾರೆ. ಪೂರ್ವ ಮತ್ತು ಉತ್ತರ ಭಾರತದಿಂದ ಬೆಂಗಳೂರಿಗೆ ಬರುವ ಎಷ್ಟೋ ರೈಲುಗಳು ಬಂಗಾರಪೇಟೆಯನ್ನು ಹಾದೇ ಹೋಗುತ್ತವೆ. ಮುಳಬಾಗಿಲು ದಾಟಿದರೆ ಆಂಧ್ರ, ಇನ್ನೊಂದು ದಿಕ್ಕಿನಲ್ಲಿ ತಮಿಳುನಾಡು. ಒಂದು ರಾಜ್ಯದಲ್ಲಿ ಕಾಣೆಯಾದ ಮಗು ಎರಡು ಗಂಟೆಯಲ್ಲಿ ಇನ್ನೊಂದು ರಾಜ್ಯದ ಪೊಲೀಸರ ವ್ಯಾಪ್ತಿಗೆ ಬಂದಿರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಗುಳೆ ಬಂದವರೆಲ್ಲ ಮಕ್ಕಳನ್ನು ಮಾರುವವರಲ್ಲ. ಕೊಳಕು ಬಟ್ಟೆ, ಬೇರೆ ಭಾಷೆ, ಅಂಜಿಕೆ, ಆಧಾರ್ ಇಲ್ಲದಿರುವುದು ಬಡತನದ ಗುರುತುಗಳು, ಅಪರಾಧದ ಗುರುತುಗಳಲ್ಲ. ಬೇರೆ ಭಾಷೆಯವರನ್ನು ಮಕ್ಕಳ ಕಳ್ಳರೆಂದು ವದಂತಿ ಹಬ್ಬಿಸಿ, ಜನ ಸೇರಿ ಹೊಡೆದು ಸಾಯಿಸಿದ ಘಟನೆ 2018ರಲ್ಲಿ ನಮ್ಮ ರಾಜ್ಯದಲ್ಲೇ ನಡೆದಿದೆ. ಆದ್ದರಿಂದ ನಿಮ್ಮ ಅನುಮಾನ ಜನರ ಮುಂದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಂದೂ ಹೊರಬರಬಾರದು. ಅದು ಹೋಗಬೇಕಾದ ಜಾಗ ಬೇರೆಯೇ ಇದೆ.

ಹಾಗಾದರೆ ಏನನ್ನು ನೋಡಬೇಕು? ಒಂದೇ ಒಂದು ಲಕ್ಷಣವನ್ನು ನೆಚ್ಚಬೇಡಿ. ನೋಡಬೇಕಾದದ್ದು ಎರಡು ವಿಷಯ: ಮಗುವಿನ ಮೇಲೆ ಯಾರ ಹಿಡಿತವಿದೆ, ಮತ್ತು ದೊಡ್ಡವರು ಹೇಳುವ ಕಥೆಗೂ ನಿಮ್ಮ ಕಣ್ಣಿಗೆ ಬೀಳುವುದಕ್ಕೂ ಎಲ್ಲಿ ತಾಳೆಯಾಗುತ್ತಿಲ್ಲ. ನೀವು ಬರೆದಿರುವ ಸಂಗತಿಯಲ್ಲೇ ಇವೆರಡೂ ಇವೆ. ಸೋದರಮಾವ ತೆಲುಗಿನವರು, ಸೊಸೆಗೆ ತೆಲುಗು ಬಾರದು. ನಮ್ಮ ಗಡಿ ಸೀಮೆಯಲ್ಲಿ ಮನೆಗೆರಡು ಭಾಷೆ ಸಾಮಾನ್ಯವಾದರೂ, ಒಬ್ಬರಿಗೊಬ್ಬರ ಮಾತೇ ತಿಳಿಯದ ಮಾವ ಸೊಸೆಯರು ಅಪರೂಪ. ಸುಟ್ಟ ಗಾಯಕ್ಕೆ ದಿನಗಟ್ಟಲೆ ಚಿಕಿತ್ಸೆ ಸಿಕ್ಕಿಲ್ಲ, ಅಂದರೆ ಆಸ್ಪತ್ರೆಗೆ ಹೋಗುವ ನಿರ್ಧಾರ ಅವಳ ಕೈಯಲ್ಲಿರಲಿಲ್ಲ. ಕೇಳುವ ಮೊದಲೇ ಹದಿನೆಂಟು ಎಂಬ ಉತ್ತರ ಸಿದ್ಧವಾಗಿತ್ತು. ಹದಿನೇಳೋ ಹತ್ತೊಂಬತ್ತೋ ಎಂದು ತಡವರಿಸುವುದು ಹಳ್ಳಿಯಲ್ಲಿ ಸಹಜ, ನಿಖರವಾಗಿ ಹದಿನೆಂಟು ಎಂದು ಬರೆಸುವವರಿಗೆ ಆ ಸಂಖ್ಯೆಯ ಮಹತ್ವ ತಿಳಿದಿರುತ್ತದೆ. ಮೂರೂ ಸೇರಿದಾಗ ನಿಮ್ಮ ಅನುಮಾನಕ್ಕೆ ಕಾರಣವಿತ್ತು.

ಆರೋಗ್ಯ ಕೇಂದ್ರದಲ್ಲಿ ಇನ್ನೂ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮಗುವಿಗೆ ತಾನಿರುವ ಊರಿನ ಹೆಸರು ಗೊತ್ತಿಲ್ಲ. ಹೇಳುವ ಉತ್ತರ ಬಾಯಿಪಾಠದಂತಿದ್ದು, ಎರಡನೇ ಸಲ ಬೇರೆ ರೀತಿಯಲ್ಲಿ ಕೇಳಿದರೆ ದಾರಿ ತಪ್ಪುತ್ತದೆ. ಉತ್ತರಿಸುವ ಮೊದಲು ಜೊತೆಗೆ ಬಂದವರ ಮುಖ ನೋಡುತ್ತದೆ. ಒಬ್ಬರೇ ವ್ಯಕ್ತಿ ಬೇರೆ ಬೇರೆ ಮಕ್ಕಳನ್ನು ಬೇರೆ ಬೇರೆ ನಂಟಿನ ಹೆಸರಿನಲ್ಲಿ ಕರೆತರುತ್ತಾರೆ. ಗಾಯಗಳಲ್ಲಿ ಹಳೆಯವೂ ಹೊಸವೂ ಬೆರೆತಿರುತ್ತವೆ. ಅಂಗೈ ಬೆರಳುಗಳ ಚರ್ಮ ಸವೆದಿರುತ್ತದೆ. ನಮ್ಮ ಪಕ್ಕದ ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಕುದಿಯುವ ನೀರಿನಲ್ಲಿರುವ ರೇಷ್ಮೆಗೂಡುಗಳಿಗೆ ಕೈ ಹಾಕುವ ಮಕ್ಕಳ ಬೆರಳುಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಗರ್ಭಿಣಿಯಾದ ಹುಡುಗಿಯನ್ನು ತಿಂಗಳು ತುಂಬಿದ ಮೇಲೆ, ತಾಯಿ ಕಾರ್ಡ್ ಇಲ್ಲದೆ, ನಂಟು ಸ್ಪಷ್ಟವಿಲ್ಲದವರು ಕರೆತರುತ್ತಾರೆ. ಆಧಾರ್ ಕಾರ್ಡ್ ತೋರಿಸಿದರು ಎಂಬ ಮಾತ್ರಕ್ಕೆ ವಯಸ್ಸಿನ ಪ್ರಶ್ನೆ ಮುಗಿಯುವುದಿಲ್ಲ. ಬಾಲನ್ಯಾಯ ಕಾಯ್ದೆ 2015ರ 94ನೇ ಕಲಮಿನಂತೆ ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ಕೂಡ 2024ರಲ್ಲಿ ಎತ್ತಿಹಿಡಿದಿದೆ.

ಅನುಮಾನ ಬಂದಾಗ ಮೊದಲ ಕೆಲಸ, ಮಗುವಿನ ಜೊತೆ ಐದು ನಿಮಿಷ ಒಂಟಿಯಾಗಿ ಸಿಗುವಂತೆ ಮಾಡಿಕೊಳ್ಳುವುದು. ಚಿಕ್ಕ ಆರೋಗ್ಯ ಕೇಂದ್ರದಲ್ಲಿ ಇದು ಕಷ್ಟವೆಂದು ನನಗೆ ತಿಳಿದಿದೆ, ಆದರೂ ದಾರಿಗಳಿವೆ. ತೂಕ ನೋಡಬೇಕು, ಮೂತ್ರ ಪರೀಕ್ಷೆ ಮಾಡಬೇಕು, ಡ್ರೆಸ್ಸಿಂಗ್ ಕೊಠಡಿಗೆ ರೋಗಿಯನ್ನು ಬಿಟ್ಟು ಬೇರೆಯವರು ಬರುವಂತಿಲ್ಲ ಎಂದು ಎಲ್ಲರಿಗೂ ಅನ್ವಯಿಸುವ ನಿಯಮದಂತೆ ಹೇಳಿ. ಜೊತೆಗೆ ಬಂದವರನ್ನು ಚೀಟಿ ಮಾಡಿಸಲು ಕೌಂಟರ್‌ಗೆ ಕಳುಹಿಸಿ. ಆ ನಿಯಮವನ್ನು ಇಂಥ ಸಂದರ್ಭಕ್ಕೆ ಮಾತ್ರ ಬಳಸದೆ ಎಲ್ಲ ಹದಿಹರೆಯದವರಿಗೂ ರೂಢಿ ಮಾಡಿದರೆ ಯಾರಿಗೂ ಸುಳಿವು ಸಿಗುವುದಿಲ್ಲ. ಭಾಷೆ ಬಾರದಿದ್ದಾಗ ಜೊತೆಯಲ್ಲಿ ಬಂದವರನ್ನು ದುಭಾಷಿಯನ್ನಾಗಿ ಮಾಡಿಕೊಳ್ಳಲೇಬಾರದು. ಹಿಂದಿ, ಒಡಿಯಾ, ಬಂಗಾಳಿ ಬಲ್ಲ ನಂಬಿಕೆಯ ಸಹೋದ್ಯೋಗಿಯೊಬ್ಬರನ್ನು ಫೋನಿನಲ್ಲಿ ಸಂಪರ್ಕಿಸಬಹುದು. ಮಗುವಿನ ಹೆಸರು, ಊರು ಅವರಿಗೂ ತಿಳಿಯಬೇಕಾಗಿಲ್ಲ.

ಆ ಐದು ನಿಮಿಷದಲ್ಲಿ ಏನು ಕೇಳಬೇಕು ಎಂಬುದು ತರಬೇತಿಗಳಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ. ನಿನ್ನನ್ನು ಮಾರಿದ್ದಾರಾ, ನಿನಗೆ ಹೊಡೆಯುತ್ತಾರಾ ಎಂದು ನೇರವಾಗಿ ಕೇಳಿದರೆ ಮಗು ಇಲ್ಲ ಎಂದೇ ಹೇಳುತ್ತದೆ. ರಾತ್ರಿ ಎಲ್ಲಿ ಮಲಗುತ್ತೀಯ, ಜೊತೆಗೆ ಯಾರು ಮಲಗುತ್ತಾರೆ, ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತೀಯ, ಅಮ್ಮನ ಜೊತೆ ಕೊನೆಯ ಸಲ ಯಾವಾಗ ಮಾತಾಡಿದೆ, ನಿನ್ನ ಫೋನು ಯಾರ ಹತ್ತಿರ ಇದೆ, ದುಡ್ಡು ಯಾರ ಕೈಗೆ ಬರುತ್ತದೆ, ನಾಳೆ ಊರಿಗೆ ಹೋಗಬೇಕು ಅನ್ನಿಸಿದರೆ ಹೋಗಬಹುದಾ, ಇಂಥ ಸಾದಾ ಪ್ರಶ್ನೆಗಳಿಗೆ ಮಗು ಕೊಡುವ ಉತ್ತರದಲ್ಲಿ ಅದರ ಬದುಕು ತಾನಾಗಿ ತೆರೆದುಕೊಳ್ಳುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ ಎನ್ನಿ. ವಿವರಗಳನ್ನು ಕೆದಕಬೇಡಿ. ಆಮೇಲೆ ಪೊಲೀಸರು, ಸಮಿತಿ, ನ್ಯಾಯಾಲಯ ಎಂದು ಆ ಮಗು ತನ್ನ ಕಥೆಯನ್ನು ಎಷ್ಟೋ ಸಲ ಹೇಳಬೇಕಾಗುತ್ತದೆ. ನಿಮ್ಮ ಮುಂದೆಯೂ ಒಮ್ಮೆ ಪೂರ್ತಿಯಾಗಿ ಹೇಳಿಸುವ ಅಗತ್ಯವಿಲ್ಲ. ಮಗು ಬಳಸಿದ ಮಾತುಗಳನ್ನು ಅದೇ ಮಾತುಗಳಲ್ಲಿ, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡಿ. ‘ರೋಗಿಯು ಶೋಷಣೆಗೆ ಒಳಗಾಗಿರುವಂತೆ ಕಾಣುತ್ತದೆ’ ಎಂಬ ನಿಮ್ಮ ತೀರ್ಮಾನಕ್ಕಿಂತ ‘ಅಣ್ಣ ಬೀಗ ಹಾಕಿಕೊಂಡು ಹೋಗ್ತಾನೆ’ ಎಂಬ ಮಗುವಿನ ಒಂದು ಮಾತು ನ್ಯಾಯಾಲಯದಲ್ಲಿ ಹೆಚ್ಚು ತೂಗುತ್ತದೆ.

ಮಗು ಎಲ್ಲವನ್ನೂ ಅಲ್ಲಗಳೆಯಬಹುದು. ಕರೆತಂದವರನ್ನೇ ವಹಿಸಿಕೊಂಡು ನಿಮ್ಮ ಮೇಲೆ ಸಿಟ್ಟಾಗಬಹುದು. ಮನೆಯ ಸಾಲ ತೀರಬೇಕಲ್ಲ, ತಂಗಿಯನ್ನೂ ಕರೆತರುತ್ತೇವೆಂದು ಹೆದರಿಸಿದ್ದಾರಲ್ಲ, ಊರಿಗೆ ಹೋದರೆ ಜನ ಏನನ್ನುತ್ತಾರೋ, ಹೀಗೆ ಮೌನಕ್ಕೆ ನೂರು ಕಾರಣಗಳಿರುತ್ತವೆ. ಎಷ್ಟೋ ಸಲ ಶೋಷಿಸುವವರೇ ಅನ್ನ ಹಾಕುವವರೂ ಆಗಿರುತ್ತಾರೆ. ಆದ್ದರಿಂದ ಮಗು ಇಲ್ಲ ಎಂದದ್ದು ನೀವು ವರದಿ ಮಾಡದಿರಲು ಕಾರಣವಾಗದು. ಕಳ್ಳತನ ಮಾಡುವಾಗಲೋ ಗಾಂಜಾ ಪೊಟ್ಟಣ ಸಾಗಿಸುವಾಗಲೋ ಸಿಕ್ಕಿಬಿದ್ದ ಮಗುವಿನ ವಿಷಯದಲ್ಲೂ ಅದರ ಹಿಂದೆ ಯಾರಿದ್ದಾರೆ ಎಂದು ನೋಡಬೇಕು. ಮಕ್ಕಳನ್ನು ಅಪರಾಧಕ್ಕೆ ಬಳಸುವುದೇ ನ್ಯಾಯ ಸಂಹಿತೆಯ 95ನೇ ಕಲಮಿನಡಿ ಪ್ರತ್ಯೇಕ ಅಪರಾಧ.

ಕರೆ ಮಾಡುವ ವಿಚಾರ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಇರುತ್ತದೆ. 2023ರಿಂದ ಅದನ್ನು ಸರ್ಕಾರವೇ ನಡೆಸುತ್ತಿದ್ದು, ತುರ್ತು ಸಂಖ್ಯೆ 112ರೊಂದಿಗೆ ಜೋಡಿಸಲಾಗಿದೆ. ಮಗುವಿಗೆ ಆ ಕ್ಷಣದಲ್ಲೇ ಅಪಾಯವಿದ್ದರೆ, ಅಥವಾ ಕರೆತಂದವರು ಈಗಲೇ ಹೊರಡುವಂತಿದ್ದರೆ ನೇರವಾಗಿ 112. ರೈಲಿನಲ್ಲಿ ಅಥವಾ ನಿಲ್ದಾಣದಲ್ಲಾದರೆ 139 ಅಥವಾ ರೈಲ್ವೆ ರಕ್ಷಣಾ ದಳ. ಪ್ರತಿ ಪೊಲೀಸ್ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರನ್ನು ಗೊತ್ತುಪಡಿಸಿರಬೇಕು; ಅವರ ಹೆಸರು ಮತ್ತು ನಂಬರನ್ನು ಇವತ್ತೇ ತಿಳಿದುಕೊಂಡು ಗೋಡೆಗೆ ಅಂಟಿಸಿಟ್ಟುಕೊಳ್ಳಿ, ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ. ಪೊಲೀಸರು ಬರುವವರೆಗೆ ಕರೆತಂದವರನ್ನು ತಡೆದು ಹಿಡಿಯಲು, ವಾದಿಸಲು, ಗದರಿಸಲು ಹೋಗಬೇಡಿ. ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಕು, ವೈದ್ಯರು ಬಂದು ನೋಡಬೇಕು ಎಂದು ಹೊತ್ತು ಕಳೆಯಬಹುದು. ಆದರೂ ಹೊರಟೇಬಿಟ್ಟರೆ ವಾಹನದ ನಂಬರು, ಹೋದ ದಿಕ್ಕು, ಮಗುವಿನ ಬಟ್ಟೆಯ ಬಣ್ಣ ಬರೆದುಕೊಳ್ಳಿ. ಬೆನ್ನಟ್ಟಿ ಹೋಗುವುದು, ಗೂಡಿನ ಹತ್ತಿರ ಒಬ್ಬರೇ ಹೋಗಿ ನೋಡುವುದು ಬೇಡವೇ ಬೇಡ.

ಸುಳ್ಳಾದರೆ ನನ್ನ ಮೇಲೆ ಬರುತ್ತದೆಯೇ ಎಂದು ಕೇಳಿದ್ದೀರಿ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ ಎಂದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರ 19ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟವರಿಗಷ್ಟೇ ಕಾನೂನಿನ ಭಯ. ನಿಜ ಹೇಳಬೇಕೆಂದರೆ ಅಪಾಯವಿರುವುದು ಸುಮ್ಮನಿದ್ದವರಿಗೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹದಿನೆಂಟು ತುಂಬದ ಗರ್ಭಿಣಿ ನಿಮ್ಮ ಮುಂದೆ ಬಂದರೆ, ಮದುವೆಯಾಗಿದೆ ಎಂದರೂ ಇದು ಅನ್ವಯಿಸುತ್ತದೆ; 2016ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ. ಹಾಗೆಯೇ, ದಿಕ್ಕಿಲ್ಲದೆ, ತಪ್ಪಿಸಿಕೊಂಡು ಅಥವಾ ತೊರೆಯಲ್ಪಟ್ಟು ಕೈಗೆ ಬಂದ ಮಗುವಿನ ವಿಷಯವನ್ನು 24 ಗಂಟೆಯೊಳಗೆ ತಿಳಿಸಬೇಕೆಂಬ ಬಾಲನ್ಯಾಯ ಕಾಯ್ದೆಯ 32ನೇ ಕಲಮು ಆಸ್ಪತ್ರೆಗಳನ್ನು, ಹೆರಿಗೆ ಮನೆಗಳನ್ನು ಹೆಸರಿಸಿಯೇ ಹೇಳುತ್ತದೆ. ಚಿಕಿತ್ಸೆಗೆ ಮಾತ್ರ ಯಾವ ಕಾಗದಕ್ಕೂ ಕಾಯಬಾರದು: ಎಫ್‌ಐಆರ್ ಆಗಲಿ, ಪೊಲೀಸರ ಪತ್ರ ತನ್ನಿ ಎಂದು ಕಳುಹಿಸುವುದು ತಪ್ಪು. ಕ್ರಿಮಿನಲ್ ಪ್ರಕರಣಗಳ ಕಾರ್ಯವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಅತ್ಯಾಚಾರಕ್ಕೋ ಪೋಕ್ಸೊ ಅಡಿಯ ಲೈಂಗಿಕ ಅಪರಾಧಕ್ಕೋ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ನೀಡಿ ಪೊಲೀಸರಿಗೆ ತಿಳಿಸಬೇಕು.

ಹೆರಿಗೆ ಮನೆಯ ಮಾತು ಬಂದದ್ದರಿಂದ ಚಿಕ್ಕದಾಗಿ ಒಂದು ವಿಷಯ. ಮದುವೆಯಾಗದ ತಾಯಿಯ ಬಿಲ್ಲನ್ನು ಸಂಬಂಧವಿಲ್ಲದ ದಂಪತಿ ಕಟ್ಟುವುದು, ದಾಖಲಾತಿಯಲ್ಲೇ ಬೇರೊಬ್ಬ ಹೆಂಗಸಿನ ಹೆಸರು ಬರೆಸುವುದು ಶಿಶು ಮಾರಾಟದ ಸೂಚನೆಗಳು. ಮಗು ಬೇಡವೆನ್ನುವ ತಾಯಿಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸುವ ದಾರಿಯಿದೆ, ಮರುಚಿಂತನೆಗೆ ಎರಡು ತಿಂಗಳ ಕಾಲಾವಕಾಶವೂ ಇದೆ. ಅದನ್ನು ಅವರಿಗೆ ತಿಳಿಸುವುದೇ ದೊಡ್ಡ ಉಪಕಾರ. ಆಸ್ಪತ್ರೆಯಿಂದ ನವಜಾತ ಶಿಶು ಸಾಗಣೆಯಾದರೆ ಅದರ ಪರವಾನಗಿಯನ್ನು ಮೊದಲು ಅಮಾನತಿನಲ್ಲಿಡಬೇಕೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ನಿಮ್ಮ ಪತಿಯ ವಿದ್ಯಾರ್ಥಿಯ ವಿಷಯ. ಶಿಕ್ಷಕರ ಕೈಯಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಸಾಧನವಿದೆ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಎಸ್‌ಎಟಿಎಸ್ (ಶಾಲಾ ಮಕ್ಕಳ ವಿವರಗಳನ್ನು ದಾಖಲಿಸುವ ಆನ್‌ಲೈನ್ ವ್ಯವಸ್ಥೆ) ಸಂಖ್ಯೆಯಿದೆ. ಹುಡುಗ ಬೆಂಗಳೂರಿನಲ್ಲಿ ನಿಜವಾಗಿ ಓದುತ್ತಿದ್ದರೆ ಯಾವುದೋ ಶಾಲೆ ಆ ಸಂಖ್ಯೆಯನ್ನು ಕೇಳಿರಬೇಕು, ವರ್ಗಾವಣೆ ಪತ್ರಕ್ಕೆ ಮನೆಯವರು ಬಂದಿರಬೇಕು. ಇವೆರಡೂ ನಡೆದಿಲ್ಲವೆಂದರೆ ಯಾವ ಶಾಲೆ, ಯಾವ ಬಡಾವಣೆ, ಯಾರ ಮನೆಯಲ್ಲಿದ್ದಾನೆ ಎಂದು ಮನೆಯವರನ್ನು ಗೌರವದಿಂದಲೇ ಕೇಳಲಿ. ಹುಡುಗನ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿಸಿ ಎನ್ನಲಿ. ಎಷ್ಟೋ ತಂದೆತಾಯಿಗಳು ನಿಜವಾಗಿಯೂ ಓದಿಸುತ್ತಾರೆಂದು ನಂಬಿಯೇ ಕಳುಹಿಸಿರುತ್ತಾರೆ, ಮಗನ ಧ್ವನಿ ಕೇಳಿ ತಿಂಗಳುಗಳಾಗಿವೆ ಎಂಬುದು ಶಿಕ್ಷಕರು ಕೇಳಿದಾಗಲೇ ಅವರ ಅರಿವಿಗೆ ಬರುತ್ತದೆ. ಉತ್ತರ ಸಿಗದಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ಬರೆಯಬೇಕು. ಎಲ್ಲಿದ್ದಾನೆಂದೇ ಯಾರಿಗೂ ತಿಳಿಯದಿದ್ದರೆ ಅದು ಕಾಣೆಯಾದ ಮಗುವಿನ ಪ್ರಕರಣ. ಅಂಥ ದೂರು ಬಂದ ಕೂಡಲೇ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ; ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಎರಡು ದಿನ ನೋಡೋಣ, ತಾನೇ ಬರುತ್ತಾನೆ ಎಂದು ಠಾಣೆಯಲ್ಲಿ ಹೇಳಿದರೆ ಒಪ್ಪಬೇಕಾಗಿಲ್ಲ.

ಮಗು ಸಿಕ್ಕ ಮೇಲೆ ಏನಾಗುತ್ತದೆ ಎಂಬುದೂ ನಿಮಗೆ ತಿಳಿದಿರಲಿ, ಏಕೆಂದರೆ ಮಗು ಮೊದಲು ಕೇಳುವುದು ಅದನ್ನೇ. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಯೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಪೋಕ್ಸೊ ಪ್ರಕರಣವಾದರೆ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನನ್ನ ಅನುಭವದಲ್ಲಿ ದೊಡ್ಡ ತಪ್ಪು ನಡೆಯುವುದು ಇಲ್ಲಿಯೇ: ತಂದೆತಾಯಿ ಅಳುತ್ತ ಬಂದರೆಂದು, ಮನೆಯ ಸ್ಥಿತಿಯನ್ನು ವಿಚಾರಿಸದೆ ಸಂಜೆಯೇ ಒಪ್ಪಿಸಿಬಿಡುವುದು. ಸಾಲ ಹಾಗೆಯೇ ಉಳಿದಿರುವ ಮನೆಯಿಂದ ಮಗು ಮತ್ತೆ ಹೊರಡುತ್ತದೆ. ಗೂಡುಗಳಲ್ಲಿ ಇನ್ನೊಂದು ಬಗೆಯ ತಪ್ಪಾಗುತ್ತದೆ: ಇಡೀ ಕುಟುಂಬವೇ ಜೀತದಲ್ಲಿರುವಾಗ ಬಾಲಕಾರ್ಮಿಕ ದಾಳಿ ಎಂದು ಮಗುವನ್ನಷ್ಟೇ ಎತ್ತಿಕೊಂಡು ಬಂದು ಬಾಲಮಂದಿರಕ್ಕೆ ಸೇರಿಸುತ್ತಾರೆ, ತಂದೆತಾಯಿ ಅಲ್ಲೇ ಉಳಿಯುತ್ತಾರೆ. ಅಲ್ಲಿ ಬೇಕಾದದ್ದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ವಿಚಾರಣೆ ಮತ್ತು ಬಿಡುಗಡೆ ಪತ್ರ. ಆ ಪತ್ರ ಸಿಕ್ಕರೆ ಮುಂಗಡದ ಸಾಲ ರದ್ದಾಗುತ್ತದೆ, ತಕ್ಷಣದ ನೆರವಾಗಿ 30,000 ರೂಪಾಯಿಯವರೆಗೆ ಮತ್ತು ಮುಂದೆ ಪುನರ್ವಸತಿ ಹಣ ಪಡೆಯುವ ಹಕ್ಕು ಬರುತ್ತದೆ. ಇಲ್ಲದಿದ್ದರೆ ಬರಿಗೈಯಲ್ಲಿ ಊರಿಗೆ ಹೋದ ಕುಟುಂಬ ಮುಂದಿನ ಹಂಗಾಮಿಗೆ ಅದೇ ಮೇಸ್ತ್ರಿಯ ಬಳಿ ಕೈ ಚಾಚುತ್ತದೆ. ಸಾಗಣೆಗೆ ಒಳಗಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಕೊಡುವ ಹೊಣೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ್ದು.

ಮಗುವಿನ ಫೋಟೊ, ಹೆಸರು, ಊರು, ಶಾಲೆ ಯಾವುದೂ ಎಲ್ಲಿಯೂ ಹೊರಬೀಳಬಾರದು. ರಕ್ಷಣೆಯ ಸಂತೋಷದಲ್ಲಿ ಇಲಾಖೆಯ ಗುಂಪುಗಳಲ್ಲೇ ಇಂಥ ಫೋಟೊಗಳು ಹರಿದಾಡುವುದನ್ನು ಕಂಡು ನನಗೆ ತುಂಬಾ ನೋವಾಗಿದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಅದಕ್ಕೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಇವೆ.

ಕೊನೆಯದಾಗಿ, ತಿಳಿಸಿದ ಮೇಲೂ ಏನೂ ಆಗದಿದ್ದರೆ ಎಂಬ ಪ್ರಶ್ನೆ. ಕರೆ ಮಾಡಿದಾಗ ದೂರಿನ ಸಂಖ್ಯೆಯನ್ನೂ ಮಾತಾಡಿದವರ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಎರಡು ದಿನದಲ್ಲಿ ಯಾರೂ ಬರದಿದ್ದರೆ ಆ ಸಂಖ್ಯೆಯನ್ನು ಉಲ್ಲೇಖಿಸಿ ಮಕ್ಕಳ ಕಲ್ಯಾಣ ಸಮಿತಿಗೆ ಲಿಖಿತವಾಗಿ ಬರೆಯಿರಿ. ಸಮಿತಿಯು ದೂರಿಗೆ ಕಾಯದೆ ತಾನೇ ಪ್ರಕರಣವನ್ನು ಕೈಗೆತ್ತಿಕೊಳ್ಳಬಲ್ಲದು. ಠಾಣೆಯಲ್ಲಿ ವ್ಯಾಪ್ತಿ ನಮ್ಮದಲ್ಲ ಎಂದರೆ ಶೂನ್ಯ ಎಫ್‌ಐಆರ್ ದಾಖಲಿಸಲು ಕೇಳಿ, ಅದಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅವಕಾಶವಿದೆ. ಕಳ್ಳಸಾಗಣೆಯ ಮಾಹಿತಿಯನ್ನು ದಾಖಲಿಸಲು ನಿರಾಕರಿಸುವ ಸರ್ಕಾರಿ ನೌಕರರಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆಯಿದೆ. ಈ ಕಲಮನ್ನು ಮೆಲುದನಿಯಲ್ಲಿ ನೆನಪಿಸಿದರೂ ಸಾಕು, ಬಹಳಷ್ಟು ಕಡೆ ಪೆನ್ನು ಚಲಿಸುತ್ತದೆ. ಅದೂ ಆಗದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯ ಮೂಲಕ ದೂರು, ಅದರ ಪ್ರತಿ ಬೆಂಗಳೂರಿನ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ನಿಮ್ಮ ವೈದ್ಯಾಧಿಕಾರಿಗಳು ಇಲ್ಲದ ತಂಟೆ ಏಕೆ ಎಂದು ಹಿಂಜರಿದರೆ ನೀವು ವೈಯಕ್ತಿಕವಾಗಿಯೇ ತಿಳಿಸಬಹುದು, ಅದಕ್ಕೆ ಮೇಲಧಿಕಾರಿಗಳ ಅನುಮತಿ ಬೇಕಾಗಿಲ್ಲ. ನಿಮ್ಮ ಹೆಸರನ್ನು ಗೋಪ್ಯವಾಗಿಡಬೇಕೆಂದು 1098ರಲ್ಲಿ ಮೊದಲೇ ಹೇಳಿ. ನೀವು ಇಟ್ಟುಕೊಳ್ಳುವ ಪ್ರತಿಯಲ್ಲಿ ಆ ಒಪಿಡಿ ಪುಟದ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ, ತನಿಖಾಧಿಕಾರಿ ಮೊದಲು ಕೇಳುವುದು ಅದನ್ನೇ.